ಕಾಲು ಮೂಡಿದ್ದು ನೀರಿನಲ್ಲಿಯೇ

ಶಾಲೆ ಪುನಃ ತೆರೆದ ಮೊದಲ ವಾರ. ಕಾಸರಗೋಡಿನಿಂದ ನಾವು ನಾಲ್ವರು ಶಿಕ್ಷಕರು ಶನಿವಾರ ಬೆಳಗ್ಗೆ ಹೊರಟು, ಪೇರ್ಯ ಘಾಟಿ ಹತ್ತಿ, ಮಾನಂದವಾಡಿ ದಾಟಿ ವಯನಾಡಿನ ಪುಲ್ಪಳ್ಳಿಗೆ ಹೋಗಿದ್ದೆವು. ಅಲ್ಲಿ ನಮ್ಮ ಸ್ನೇಹಿತರೊಬ್ಬರ ಮನೆ. ಮನೆಯ ಹಿಂದೆ ಕರಿಮೆಣಸಿನ ತೋಟ, ಮುಂದೆ ಗದ್ದೆ. ಸ್ವಲ್ಪ ದೂರ ಹೋದರೆ ಕಬಿನಿ ಹೊಳೆ. ಪೆರಿಕ್ಕಲ್ಲೂರಿನಲ್ಲಿ ದೋಣಿ ಹತ್ತಿದರೆ ಆಚೆ ದಡ ಬೈರನಕುಪ್ಪೆ, ಅದು ಮೈಸೂರು ಜಿಲ್ಲೆ. ಹಾಗಾಗಿ ಆ ಮನೆಯ ಮಕ್ಕಳಿಗೆ ಮಲಯಾಳವೂ ಬರುತ್ತದೆ, ಹೊಳೆಯಾಚೆಯ ನೆಂಟರ ಕನ್ನಡವೂ ಬರುತ್ತದೆ.

ರಾತ್ರಿಯಿಡೀ ಮಳೆ ಹೊಯ್ದಿತ್ತು. ಬೆಳಗ್ಗೆ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾಗ ಆರನೇ ತರಗತಿಯ ಹುಡುಗನೊಬ್ಬ ನಮ್ಮನ್ನು ಕೂಗಿ ಕರೆದ. ಬದುವಿನ ಒದ್ದೆ ಹುಲ್ಲಿನ ಮೇಲೆ ಒಂದು ಮೀನು! ಮೀಸೆಯ, ನುಣುಪು ಮೈಯ ಮೀನು. ತುಳುವಿನಲ್ಲಿ ಮುಗುಡು, ಮಲಯಾಳದಲ್ಲಿ ಮುಷಿ. ಕತ್ತಿನ ಪಕ್ಕದ ಎರಡು ಮುಳ್ಳುಗಳನ್ನು ಊರಿ, ಮೈಯನ್ನು ಅತ್ತಿತ್ತ ಬಳುಕಿಸುತ್ತಾ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಅದು ಹೊರಟಿತ್ತು. ಮಲೆನಾಡಿನವರು ಹತ್ತುಮೀನು ಎನ್ನುವುದನ್ನು, ಕೇರಳದಲ್ಲಿ ಊತ್ತ ಎನ್ನುವುದನ್ನು ನೀವೆಲ್ಲ ಕೇಳಿರುತ್ತೀರಿ. ಹೊಸ ನೀರು ಬಂದಾಗ ಮೊಟ್ಟೆಯಿಡಲು ಮೀನುಗಳು ಪ್ರವಾಹಕ್ಕೆ ಎದುರಾಗಿ ಏರಿ ಬರುವ ಕಾಲ ಅದು. (ಈ ಸಮಯದಲ್ಲಿ ಅವನ್ನು ಹಿಡಿಯುವುದಕ್ಕೆ ಕೇರಳದಲ್ಲಿ ನಿಷೇಧವಿದೆ.)

ಹುಡುಗ ಕೇಳಿದ: "ಮಾಷೇ, ಇದು ಹೀಗೇ ನಡೆದೂ ನಡೆದೂ ಕಾಲು ಬರುತ್ತದಾ?"

ನಾವು ನಕ್ಕೆವು. ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಏಕೆಂದರೆ ನಾವು ವರ್ಷಾನುವರ್ಷ ತರಗತಿಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ ಅಲ್ಲವೇ? "ಕೋಟ್ಯಂತರ ವರ್ಷಗಳ ಹಿಂದೆ ಕೊಳಗಳು ಬತ್ತಿದವು. ಮೀನುಗಳು ಬೇರೆ ಕೊಳ ಹುಡುಕಿಕೊಂಡು ನೆಲದ ಮೇಲೆ ತೆವಳಿದವು. ತೆವಳುತ್ತಾ ತೆವಳುತ್ತಾ ರೆಕ್ಕೆಗಳು ಕಾಲುಗಳಾದವು." ಹೀಗೆ ಬರೆದ ಉತ್ತರಕ್ಕೆ ನಾವು ಪೂರ್ತಿ ಅಂಕ ಕೊಟ್ಟಿದ್ದೇವೆ. ಈ ಲೇಖನ ಆ ಉತ್ತರವನ್ನು ತಿದ್ದುವ ಪ್ರಯತ್ನ.

ಹಳೆಯ ಪಾಠ ಎಲ್ಲಿಂದ ಬಂತು?

ಬತ್ತಿದ ಕೊಳದ ಕಥೆ ಯಾರೋ ಸುಮ್ಮನೆ ಕಟ್ಟಿದ್ದಲ್ಲ. ಅಮೆರಿಕದ ಆಲ್ಫ್ರೆಡ್ ರೋಮರ್ ಎಂಬ ದೊಡ್ಡ ವಿದ್ವಾಂಸರು ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ಇದನ್ನು ಪ್ರಚುರಪಡಿಸಿದರು. ಡೆವೋನಿಯನ್ ಎಂದು ಕರೆಯುವ ಕಾಲದ (ಸುಮಾರು 42 ಕೋಟಿಯಿಂದ 36 ಕೋಟಿ ವರ್ಷಗಳ ಹಿಂದಿನ) ಕೆಂಪು ಬಣ್ಣದ ಶಿಲೆಗಳು ಒಣ ಹವೆಯನ್ನು ಸೂಚಿಸುತ್ತವೆ ಎಂದು ಆಗ ಭಾವಿಸಿದ್ದರು. ಒಣ ಹವೆ ಎಂದ ಮೇಲೆ ಬತ್ತಿದ ಕೊಳ, ಬತ್ತಿದ ಕೊಳ ಎಂದ ಮೇಲೆ ನಡೆಯುವ ಮೀನು. ಕಥೆ ಸರಳ, ನೆನಪಿಡಲು ಸುಲಭ. ಹಾಗಾಗಿ ಜಗತ್ತಿನ ಎಲ್ಲ ಪಠ್ಯಪುಸ್ತಕಗಳನ್ನೂ ಹೊಕ್ಕಿತು. ಹಾಗೆಯೇ ನಮ್ಮ ಟಿಪ್ಪಣಿ ಪುಸ್ತಕಗಳಿಗೂ ಬಂತು.

ರೋಮರ್ ಅವರೂ ಮೀನು ನಡೆದದ್ದರಿಂದಲೇ ಕಾಲು ಬಂತು ಎನ್ನಲಿಲ್ಲ. ಆ ಮಾತು ಸೇರಿದ್ದು ತರಗತಿಗಳಲ್ಲಿ, ನಮ್ಮಂಥವರ ಬಾಯಲ್ಲಿ. ಒಂದು ಜೀವಿ ತನ್ನ ಜೀವಮಾನದಲ್ಲಿ ಪಟ್ಟ ಶ್ರಮ ಅದರ ಮರಿಗಳಿಗೆ ಅಂಗವಾಗಿ ಬರುವುದಿಲ್ಲ. ವಯನಾಡಿನ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಂಧಕಸಾಲೆ ಭತ್ತ ಇಂದು ಪರಿಮಳ ಬೀರುತ್ತಿರುವುದು ಪೈರು ಪ್ರಯತ್ನಪಟ್ಟದ್ದರಿಂದಲ್ಲ, ಒಳ್ಳೆಯ ತೆನೆಯ ಬೀಜವನ್ನು ತಲೆಮಾರುಗಳಿಂದ ಆರಿಸಿ ಉಳಿಸಿದ್ದರಿಂದ. ಗದ್ದೆಯಲ್ಲಿ ಆರಿಸುವವನು ರೈತ. ಪ್ರಕೃತಿಯಲ್ಲಿ ಆರಿಸುವವರು ಯಾರೂ ಇಲ್ಲ. ಮರಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಆ ನೀರು, ಆ ಕೆಸರು, ಆ ಶತ್ರುಗಳ ನಡುವೆ ಯಾವುದಕ್ಕೆ ಬದುಕಿ ಮರಿ ಮಾಡಲು ಸಾಧ್ಯವಾಯಿತೋ ಅದರ ಗುಣ ಮುಂದುವರಿಯುತ್ತದೆ. ಇಷ್ಟೇ.

ಬದುವಿನ ಮೀನು ನಮ್ಮ ಅಜ್ಜನಲ್ಲ

ಇನ್ನೊಂದು ತಪ್ಪನ್ನೂ ಇಲ್ಲಿಯೇ ತಿದ್ದಬೇಕು. ನೆಲದ ಮೇಲೆ ಹರಿದಾಡುವ ಮೀನುಗಳು ನಮ್ಮ ದಕ್ಷಿಣ ಭಾರತಕ್ಕೆ ಹೊಸತಲ್ಲ. ತರಂಗಂಬಾಡಿಯಲ್ಲಿದ್ದ ಡಾಲ್ಡಾರ್ಫ್ ಎಂಬ ಡೇನಿಷ್ ಸೇನಾಧಿಕಾರಿ, ತಾಳೆಯ ಮರದ ಕಾಂಡದ ಮೇಲೆ ಏರುತ್ತಿದ್ದ ಅನಾಬಾಸ್ ಮೀನೊಂದನ್ನು 1791ರಲ್ಲಿ ಹಿಡಿದುದಾಗಿ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ 1797ರಲ್ಲಿ ತಿಳಿಸಿದ್ದರು. ಯುರೋಪಿನವರು ಅದನ್ನು ಬಹುಕಾಲ ಬೆರಗಿನಿಂದ ಚರ್ಚಿಸಿದರು. ಕೆರೆಗದ್ದೆಗಳ ನಡುವೆ ಬೆಳೆದ ನಮ್ಮವರಿಗೆ ಮೀನು ನೆಲದ ಮೇಲೆ ಸರಿಯುವುದು ಅಷ್ಟೇನೂ ಬೆರಗಿನ ವಿಷಯವಾಗಿರಲಿಲ್ಲ.

ಆದರೆ ಮುಗುಡಾಗಲಿ ಅನಾಬಾಸ್ ಆಗಲಿ ನಾಲ್ಕು ಕಾಲಿನ ಪ್ರಾಣಿಗಳ ಪೂರ್ವಜರಲ್ಲ. ಅವುಗಳ ಈಜುರೆಕ್ಕೆಯನ್ನು ಬಿಡಿಸಿ ನೋಡಿ. ಬೀಸಣಿಗೆಯಂತೆ ತೆಳು ಕಡ್ಡಿಗಳು, ನಡುವೆ ಪೊರೆ. ಇಂದಿನ ಮೀನುಗಳಲ್ಲಿ ಹೆಚ್ಚಿನವು ಈ ಕಡ್ಡಿರೆಕ್ಕೆಯ ಗುಂಪಿನವು. ಗಾಳಿ ಉಸಿರಾಡಲು ಮುಗುಡಿನ ಕಿವಿರಿನ ಗೂಡಿನಲ್ಲಿ ಪುಟ್ಟ ಮರದ ಹಾಗೆ ಕವಲೊಡೆದ ಅಂಗವಿದೆ. ನಮ್ಮ ಶ್ವಾಸಕೋಶಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಬೇರೆಯೇ ದಾರಿಯಲ್ಲಿ ಬಂದ ನೆಂಟ.

ನಮ್ಮ ದಾರಿ ಇನ್ನೊಂದು ಗುಂಪಿನದು. ಅವುಗಳ ರೆಕ್ಕೆಯ ಬುಡದಲ್ಲಿ ಮಾಂಸವೂ ಗಟ್ಟಿ ಮೂಳೆಯೂ ಇರುತ್ತವೆ. ಇಂತಹವು ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಆಫ್ರಿಕ, ದಕ್ಷಿಣ ಅಮೆರಿಕ ಮತ್ತು ಆಸ್ಟ್ರೇಲಿಯಾದ ಶ್ವಾಸಕೋಶ ಮೀನುಗಳು, ಮತ್ತು ಸೀಲಕಾಂತ್. ಸೀಲಕಾಂತ್ ಆರೂವರೆ ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ಎಲ್ಲರೂ ನಂಬಿದ್ದರು. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಎಂಬ ಊರಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮಾರ್ಜರಿ ಕೋರ್ಟ್‌ನೇ ಲ್ಯಾಟಿಮರ್ ಎಂಬ ಯುವತಿ, ಮೀನುದೋಣಿಯ ರಾಶಿಯಲ್ಲಿ ನೀಲಿ ಬಣ್ಣದ ವಿಚಿತ್ರ ರೆಕ್ಕೆಯೊಂದನ್ನು ಕಂಡು ಆ ಮೀನನ್ನು ಎತ್ತಿಟ್ಟುಕೊಂಡರು. ಅಳಿದದ್ದೆಂದು ತಿಳಿದಿದ್ದ ವಂಶ ಹಾಗೆ ಮರಳಿ ಸಿಕ್ಕಿತು.

ನಿಮ್ಮ ತೋಳನ್ನೇ ಮುಟ್ಟಿ ನೋಡಿ

ಮಕ್ಕಳಿಗೆ ಇದನ್ನು ತೋರಿಸಲು ಪ್ರಯೋಗಶಾಲೆ ಬೇಡ. ಭುಜದಿಂದ ಮೊಣಕೈವರೆಗೆ ಒಂದು ಮೂಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು. ಮಣಿಕಟ್ಟಿನಲ್ಲಿ ಪುಟ್ಟ ಮೂಳೆಗಳ ಗುಂಪು. ಆಮೇಲೆ ಬೆರಳು. ಕಪ್ಪೆಗೂ ಹಲ್ಲಿಗೂ ಆನೆಗೂ ಬಾವಲಿಗೂ ಇದೇ ಲೆಕ್ಕ: ಒಂದು, ಎರಡು, ಹಲವು, ಬೆರಳು.

ಕೆನಡಾದ ಕ್ವಿಬೆಕ್ ಪ್ರಾಂತದ ಮಿಗ್ವಾಶಾದಲ್ಲಿ ಸಿಕ್ಕ ಪಳೆಯುಳಿಕೆ ಮೀನೊಂದಕ್ಕೆ ವೈಟೀವ್ಸ್ ಎಂಬ ವಿಜ್ಞಾನಿ 1881ರಲ್ಲಿ ಯೂಸ್ತೆನಾಪ್ಟೆರಾನ್ ಎಂದು ಹೆಸರಿಟ್ಟರು. ಅದು ಸುಮಾರು 38 ಕೋಟಿ ವರ್ಷ ಹಿಂದಿನದು. ಎಲ್ಲ ರೀತಿಯಲ್ಲೂ ಮೀನೇ. ಆದರೆ ಅದರ ರೆಕ್ಕೆಯೊಳಗೆ ಮೊದಲು ಒಂದು ಮೂಳೆ, ಆಮೇಲೆ ಎರಡು! ಬೆರಳು ಮಾತ್ರ ಇಲ್ಲ. ಅಂದರೆ ನಮ್ಮ ತೋಳಿನ ಮೇಲಿನ ಅರ್ಧ ಮೀನಿನಲ್ಲಿಯೇ ಸಿದ್ಧವಾಗಿತ್ತು.

ಹಾಗಾದರೆ ಬೆರಳು ಬಂದದ್ದು ಯಾವಾಗ? ಉತ್ತರ ಹುಡುಕಿಕೊಂಡು ಇತಿಹಾಸ ಗ್ರೀನ್‌ಲ್ಯಾಂಡಿಗೆ ಹೋಗುತ್ತದೆ.

ಗ್ರೀನ್‌ಲ್ಯಾಂಡಿನ ಕಲ್ಲುಗಳು

1931ರಲ್ಲಿ ಸ್ವೀಡನ್ನಿನ ಗುನ್ನಾರ್ ಸೇವೆ ಸೋಡರ್‌ಬರ್ಗ್ ಎಂಬ ಯುವಕ ಪೂರ್ವ ಗ್ರೀನ್‌ಲ್ಯಾಂಡಿನ ಬೆಟ್ಟಗಳಲ್ಲಿ ತಲೆಬುರುಡೆಯ ಪಳೆಯುಳಿಕೆಗಳನ್ನು ಸಂಗ್ರಹಿಸಿದ. ಆಗ ಅವನ ವಯಸ್ಸು ಇಪ್ಪತ್ತೊಂದು. ಮರುವರ್ಷ ಇಕ್ತಿಯೋಸ್ಟೀಗಾ ಎಂಬ ಹೆಸರನ್ನು ಪ್ರಕಟಿಸಿದ. ಕಾಲಿದ್ದ ಕಶೇರುಕಗಳಲ್ಲಿ ಆಗ ತಿಳಿದಿದ್ದ ಅತ್ಯಂತ ಹಳೆಯದು ಅದು. ಕ್ಷಯರೋಗದಿಂದ ಆತ 1948ರಲ್ಲಿ ತೀರಿಕೊಂಡ. ಕೆಲಸ ಎರಿಕ್ ಯಾರ್ವಿಕ್ ಎಂಬ ಸಹೋದ್ಯೋಗಿಯ ಕೈಗೆ ಬಂತು. ಯಾರ್ವಿಕ್ ಎಷ್ಟು ಎಚ್ಚರಿಕೆಯ ಮನುಷ್ಯರೆಂದರೆ, ಅವರ ಪೂರ್ಣ ವಿವರಣೆ ಪ್ರಕಟವಾದದ್ದು 1996ರಲ್ಲಿ! ಅಷ್ಟರಲ್ಲಿ ಜಗತ್ತು ಹಳೆಯ ಚಿತ್ರವನ್ನೇ ನೆಚ್ಚಿಕೊಂಡಿತ್ತು. ಆ ಚಿತ್ರದಲ್ಲಿ ಇಕ್ತಿಯೋಸ್ಟೀಗಾಗೆ ಐದು ಬೆರಳು. ನಾಲ್ಕು ಕಾಲಿನ ಪ್ರಾಣಿ ಎಂದರೆ ಐದು ಬೆರಳು ಎಂಬುದು ಸೂತ್ರದಂತೆ ಆಗಿಬಿಟ್ಟಿತ್ತು.

ಯಾರ್ವಿಕ್ 1952ರಲ್ಲಿ ಇನ್ನೊಂದು ಪ್ರಾಣಿಗೂ ಹೆಸರಿಟ್ಟಿದ್ದರು: ಅಕಾಂತೋಸ್ಟೀಗಾ. ಸಿಕ್ಕಿದ್ದು ತಲೆಬುರುಡೆಯ ಚೂರುಗಳು ಮಾತ್ರ. ಮುಂದೆ ಇಂಗ್ಲೆಂಡಿನ ಜೆನ್ನಿ ಕ್ಲ್ಯಾಕ್ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿದರು. ಅವರು ಮೊದಲು ಬರ್ಮಿಂಗ್‌ಹ್ಯಾಮಿನ ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದು, ತಡವಾಗಿ ಸಂಶೋಧನೆಗೆ ಬಂದವರು. ಜಾನ್ ನಿಕಲ್ಸನ್ ಎಂಬ ಭೂವಿಜ್ಞಾನದ ವಿದ್ಯಾರ್ಥಿ 1970ರಲ್ಲಿ ಗ್ರೀನ್‌ಲ್ಯಾಂಡಿನಿಂದ ತಂದ ಕಲ್ಲುಗಳು ಕೇಂಬ್ರಿಡ್ಜಿನ ಕಪಾಟಿನಲ್ಲಿ ಇದ್ದವು. ಅವುಗಳಲ್ಲಿ ಅಕಾಂತೋಸ್ಟೀಗಾದ ತುಣುಕುಗಳನ್ನು ಗುರುತಿಸಿದ ಕ್ಲ್ಯಾಕ್, ಆತನ ಟಿಪ್ಪಣಿಗಳ ಜಾಡು ಹಿಡಿದು 1987ರಲ್ಲಿ ತಾವೇ ಅಲ್ಲಿಗೆ ಹೋದರು. ಬೆಟ್ಟದ ಆ ಜಾಗ ಸಿಕ್ಕಿತು. ಇಡೀ ಅಸ್ಥಿಪಂಜರಗಳೇ ಸಿಕ್ಕವು.

ಕಲ್ಲನ್ನು ಸೂಜಿಮೊನೆಯಿಂದ ಬಿಡಿಸುತ್ತಾ ಹೋದಂತೆ ಅಕಾಂತೋಸ್ಟೀಗಾದ ಮುಂಗಾಲು ಹೊರಬಂತು. ಬೆರಳು ಎಣಿಸಿದರು. ಐದಲ್ಲ, ಎಂಟು! ಮೈಕೆಲ್ ಕೋಟ್ಸ್ ಮತ್ತು ಕ್ಲ್ಯಾಕ್ 1990ರಲ್ಲಿ ಇದನ್ನು ಪ್ರಕಟಿಸಿದರು. ಇಕ್ತಿಯೋಸ್ಟೀಗಾದ ಹಿಂಗಾಲಿನಲ್ಲಿ ಏಳು ಬೆರಳು ಇರುವುದೂ ಆಗಲೇ ತಿಳಿಯಿತು. ರಷ್ಯಾದಲ್ಲಿ 1984ರಲ್ಲೇ ವರದಿಯಾಗಿದ್ದ ಟುಲೆರ್ಪಿಟಾನ್ ಎಂಬುದಕ್ಕೆ ಆರು. ಐದರ ಸೂತ್ರ ಮುರಿಯಿತು.

ಬೆರಳಿಗಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಸುಮಾರು 36.5 ಕೋಟಿ ವರ್ಷ ಹಿಂದಿನ ಈ ಪ್ರಾಣಿಗೆ ಕಾಲಿತ್ತು, ಬೆರಳಿತ್ತು. ಆದರೆ ಮೈಭಾರ ಹೊರುವಂತಹ ಮಣಿಕಟ್ಟು ಇರಲಿಲ್ಲ. ಬಾಲದಲ್ಲಿ ಮೀನಿನಂತೆ ಅಗಲವಾದ ರೆಕ್ಕೆ. ಗಂಟಲಿನ ಮೂಳೆಗಳಲ್ಲಿ ಮೀನಿನಂತಹ ಒಳಕಿವಿರಿನ ಗುರುತು. ಅಂದರೆ ಇದು ನೆಲದಲ್ಲಿ ನಡೆದಾಡುವ ಪ್ರಾಣಿಯಲ್ಲ, ನೀರಿನಲ್ಲಿಯೇ ಬದುಕುವ ಪ್ರಾಣಿ. ಅಲ್ಲಿಗೆ ಬತ್ತಿದ ಕೊಳದ ಕಥೆ ತಲೆಕೆಳಗಾಯಿತು. ನೆಲಕ್ಕೆ ಬಂದದ್ದರಿಂದ ಕಾಲು ಮೂಡಲಿಲ್ಲ. ಕಾಲು ನೀರಿನಲ್ಲಿಯೇ ಮೂಡಿತು. ಜೊಂಡು, ಬೇರು, ಬಿದ್ದ ಕೊಂಬೆಗಳು ತುಂಬಿದ ಆಳವಿಲ್ಲದ ನೀರಿನಲ್ಲಿ ತಳವನ್ನು ಒತ್ತಿ ಸರಿಯಲು, ಕೊಂಬೆ ಹಿಡಿದು ಹೊಂಚಲು ಅದು ಉಪಯೋಗಕ್ಕೆ ಬಂದಿರಬೇಕು. ನೆಲದ ಮೇಲೆ ನಡೆಯುವ ಉಪಯೋಗ ಆಮೇಲೆ ಒದಗಿತು.

ಜೆನ್ನಿ ಕ್ಲ್ಯಾಕ್ 2020ರ ಮಾರ್ಚಿನಲ್ಲಿ ನಿಧನರಾದರು. ನಮ್ಮ ಮಕ್ಕಳು ನ್ಯೂಟನ್, ಡಾರ್ವಿನ್ನರ ಹೆಸರು ಹೇಳುತ್ತಾರೆ. ಅವರ ಸಾಲಿನಲ್ಲಿ ಈ ಹೆಸರನ್ನೂ ಹೇಳಿಕೊಡಬೇಕು.

ಊರಿನವರು ಇಟ್ಟ ಹೆಸರು

ಮುಂದಿನ ಹೆಜ್ಜೆ ಇನ್ನೂ ಸೊಗಸಾದದ್ದು. 38 ಕೋಟಿ ವರ್ಷದ ಹಿಂದೆ ಯೂಸ್ತೆನಾಪ್ಟೆರಾನ್‌ನಂತಹ ಮೀನು, 36.5 ಕೋಟಿಯ ಹೊತ್ತಿಗೆ ಕಾಲಿರುವ ಪ್ರಾಣಿ. ಹಾಗಾದರೆ ನಡುವಿನ ಕಾಲದ ಕಲ್ಲಿನಲ್ಲಿ ನಡುವಿನ ಜೀವಿ ಇರಬೇಕಲ್ಲ? ಹೀಗೆ ಲೆಕ್ಕ ಹಾಕಿ ನೀಲ್ ಶೂಬಿನ್, ಟೆಡ್ ಡೇಷ್ಲರ್ ಮತ್ತು ಫರಿಶ್ ಜೆಂಕಿನ್ಸ್ ಕೆನಡಾದ ಉತ್ತರ ಧ್ರುವ ಪ್ರದೇಶವನ್ನು ಆರಿಸಿಕೊಂಡರು. 1999ರಿಂದ ಬೇಸಗೆಗಳಲ್ಲಿ ಹೋಗಿ ಹುಡುಕಿದರು. ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ಸಿಕ್ಕಿತು. 2006ರ ಏಪ್ರಿಲಿನಲ್ಲಿ ಪ್ರಕಟವಾಯಿತು.

ಸುಮಾರು 37.5 ಕೋಟಿ ವರ್ಷ ಹಿಂದಿನ ಆ ಜೀವಿಗೆ ಮೀನಿನಂತೆ ಹುರುಪೆ ಇತ್ತು, ರೆಕ್ಕೆ ಇತ್ತು. ಆದರೆ ಮೊಸಳೆಯಂತೆ ಚಪ್ಪಟೆ ತಲೆ. ಮೀನಿಗೆ ಇಲ್ಲದ ಕತ್ತು ಅದಕ್ಕೆ ಇತ್ತು! ರೆಕ್ಕೆಯೊಳಗೆ ಮಣಿಕಟ್ಟನ್ನು ಹೋಲುವ ಮೂಳೆಗಳು. ಅದಕ್ಕೆ ಹೆಸರಿಡಲು ವಿಜ್ಞಾನಿಗಳು ಕೇಳಿದ್ದು ಆ ನೆಲದ ಇನೂಯಿಟ್ ಹಿರಿಯರನ್ನು. ಅವರು ಕೊಟ್ಟ ಹೆಸರು ಟಿಕ್ಟಾಲಿಕ್, ಅವರ ಇನೂಕ್ಟಿಟುಟ್ ಭಾಷೆಯಲ್ಲಿ ದೊಡ್ಡ ಸಿಹಿನೀರಿನ ಮೀನು. ಕಡಿಮೆ ಜನ ಆಡುವ ಭಾಷೆಯ ಒಂದು ಪದ ಇಂದು ಜಗತ್ತಿನ ಎಲ್ಲ ಶಾಲೆಗಳಲ್ಲೂ ಕೇಳಿಸುತ್ತದೆ. ಗಡಿಯಲ್ಲಿ ಕುಳಿತು ಕನ್ನಡದಲ್ಲಿ ವಿಜ್ಞಾನ ಕಲಿಸುವ ನಮಗೆ ಇದು ಧೈರ್ಯ ಕೊಡುವ ಮಾತು.

ಟಿಕ್ಟಾಲಿಕ್ ನೇರ ಅಜ್ಜನೂ ಅಲ್ಲ, ಅಜ್ಜನ ದಾಯಾದಿ ಎನ್ನಬಹುದು. ಏಕೆಂದರೆ ಪೋಲೆಂಡಿನ ಜಾಹೆಲ್ಮಿಯೆ ಎಂಬಲ್ಲಿನ ಕಲ್ಲುಗಣಿಯಲ್ಲಿ ಸುಮಾರು 39 ಕೋಟಿ ವರ್ಷ ಹಿಂದಿನ ಹೆಜ್ಜೆಗುರುತುಗಳು ಇವೆಯೆಂದು 2010ರಲ್ಲಿ ವರದಿಯಾಯಿತು. ಅವು ಹೆಜ್ಜೆಯಲ್ಲ, ಮೀನುಗಳು ಮಾಡಿದ ಗುಳಿಗಳು ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. 2025ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯಾದಿಂದ ಸುಮಾರು 35.5 ಕೋಟಿ ವರ್ಷ ಹಿಂದಿನ, ಉಗುರಿನ ಗುರುತಿರುವ ಹೆಜ್ಜೆಗಳ ವರದಿ ಬಂತು. ಈ ಚರಿತ್ರೆಯ ಪುಟಗಳು ಇನ್ನೂ ಬರೆಯಲ್ಪಡುತ್ತಿವೆ.

ಬುಕಾನನ್ ಮತ್ತು ಒಂದು ಪುಟ್ಟ ಮೀನು

ಕಲ್ಲು ಹೇಳಿದ್ದನ್ನು ಜೀವಂತ ಮೀನೂ ಹೇಳಿತು. ಇದರಲ್ಲಿ ನಮ್ಮ ನಾಡಿನ ಇತಿಹಾಸದ ಒಂದು ಎಳೆಯೂ ಇದೆ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅವರ ಹೆಸರು ನಮ್ಮ ಓದುಗರಿಗೆ ಗೊತ್ತು. 1801ರ ಆರಂಭದಲ್ಲಿ ಅವರು ಕಾಸರಗೋಡು, ಕುಂಬಳೆ, ಮಂಜೇಶ್ವರದ ದಾರಿಯಲ್ಲೇ ಮಂಗಳೂರಿಗೆ ಹೋದರು. ಅದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತೆಗೆದುಕೊಂಡು, ಗಂಗಾನದಿಯ ಮೀನುಗಳ ಬಗ್ಗೆ 1822ರಲ್ಲಿ ಗ್ರಂಥ ಪ್ರಕಟಿಸಿದರು. ಮೈಮೇಲೆ ನೀಲಿ ಪಟ್ಟೆಗಳಿರುವ ಬೆರಳುದ್ದದ ಒಂದು ಮೀನನ್ನು ಅದರಲ್ಲಿ ಮೊದಲ ಬಾರಿಗೆ ವಿವರಿಸಿದರು. ಅದೇ ಇಂದಿನ ಪ್ರಯೋಗಶಾಲೆಗಳ ಜೀಬ್ರಾ ಮೀನು.

2016ರಲ್ಲಿ ಶೂಬಿನ್ ಅವರ ತಂಡ ಈ ಮೀನಿನಲ್ಲಿ ಕೆಲವು ಹಾಕ್ಸ್ ವಂಶವಾಹಿಗಳನ್ನು ಕೆಲಸ ಮಾಡದಂತೆ ಮಾಡಿತು. ಇಲಿಗಳಲ್ಲಿ ಮತ್ತು ನಮ್ಮಲ್ಲಿ ಕೈಬೆರಳು ಮೂಡಿಸಲು ಬೇಕಾದ ವಂಶವಾಹಿಗಳು ಅವು. ಮೀನಿನಲ್ಲಿ ಏನಾಯಿತು? ರೆಕ್ಕೆಯ ಕಡ್ಡಿಗಳು ಕುಗ್ಗಿದವು, ಒಳಗಿನ ಪುಟ್ಟ ಮೂಳೆಗಳ ಸಂಖ್ಯೆ ಹೆಚ್ಚಿತು. ಮೀನಿನ ರೆಕ್ಕೆಯ ಅಂಚನ್ನೂ ನಮ್ಮ ಬೆರಳನ್ನೂ ರೂಪಿಸುವುದು ಒಂದೇ ಹಳೆಯ ವ್ಯವಸ್ಥೆ ಎಂದು ಇದರಿಂದ ತಿಳಿಯಿತು.

ವಯನಾಡಿನಲ್ಲಿ ಏನಿದೆ?

"ನಮ್ಮ ಬೆಟ್ಟದಲ್ಲಿ ಯಾಕೆ ಇಂಥ ಕಲ್ಲು ಸಿಗುವುದಿಲ್ಲ?" ಎಂದೂ ಹುಡುಗ ಕೇಳಿದ್ದ. ವಯನಾಡಿನ ಬೆಟ್ಟಗಳ ನೈಸ್, ಗ್ರಾನೈಟ್ ಶಿಲೆಗಳು ಮೀನು ಹುಟ್ಟುವುದಕ್ಕಿಂತಲೂ ಹಳೆಯವು, ಭೂಗರ್ಭದ ಕಾವಿನಲ್ಲಿ ಬೆಂದವು. ಪಳೆಯುಳಿಕೆ ಉಳಿಯುವುದು ಕೆಸರು, ಮರಳು ಪದರಪದರವಾಗಿ ಗಟ್ಟಿಯಾದ ಕಲ್ಲಿನಲ್ಲಿ. ಅಂತಹ ಕಲ್ಲಿಗೆ ಮಹಾರಾಷ್ಟ್ರದ ಕಡೆ ಹೋಗಬೇಕು. ಅಲ್ಲಿನ ಮಂಗಳಿ ಎಂಬ ಊರಿನಲ್ಲಿ, ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಅವರ ಶೋಧದಿಂದ ದೊರೆತ ತಲೆಬುರುಡೆಯನ್ನು ರಿಚರ್ಡ್ ಓವನ್ 1855ರಲ್ಲಿ ಬ್ರಾಕಿಯೋಪ್ಸ್ ಎಂದು ವಿವರಿಸಿದರು. ಅದು ಸುಮಾರು 25 ಕೋಟಿ ವರ್ಷ ಹಿಂದಿನ ಉಭಯವಾಸಿ. ಗ್ರೀನ್‌ಲ್ಯಾಂಡಿನ ಪ್ರಾಣಿಗಳಿಗಿಂತ ಬಹಳ ಈಚಿನದು.

ಆದರೆ ವಯನಾಡಿನಲ್ಲಿ ಜೀವಂತ ಪುರಾವೆಗಳಿಗೆ ಕೊರತೆಯಿಲ್ಲ. ನಾವು ಹತ್ತಿ ಬಂದ ಪೇರ್ಯ ಬೆಟ್ಟದಿಂದಲೇ ಅರಣ್ಯಾಧಿಕಾರಿ ಬೆಡ್ಡೋಮ್ 1870ರಲ್ಲಿ ಒಂದು ಸಿಸೀಲಿಯನ್ನನ್ನು ವಿವರಿಸಿದ್ದರು. ಅದು ಎರೆಹುಳದಂತೆ ಕಾಣುವ, ಮಣ್ಣಿನಡಿ ಬದುಕುವ, ಕಾಲಿಲ್ಲದ ಉಭಯವಾಸಿ. ಅದರ ಪೂರ್ವಜರಿಗೆ ನಾಲ್ಕು ಕಾಲಿತ್ತು. ಮಣ್ಣು ಕೊರೆದು ಬದುಕುವ ವಂಶದಲ್ಲಿ ಕಾಲು ಇಲ್ಲವಾಯಿತು. ಕುರಿಚ್ಯರ್ ಮಲೆಯ ತರಗೆಲೆಯಲ್ಲಿ ಸಿಕ್ಕ, ಹೆಬ್ಬೆರಳ ತುದಿಯಷ್ಟು ಪುಟ್ಟ ಕಪ್ಪೆಗೆ 2019ರಲ್ಲಿ ಆಸ್ಟ್ರೋಬಾಟ್ರಾಕಸ್ ಕುರಿಚಿಯಾನ ಎಂದು ಹೆಸರಿಟ್ಟರು. ಮೈಮೇಲೆ ನಕ್ಷತ್ರಗಳಂತೆ ಚುಕ್ಕೆಗಳು. ಈ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಕಪ್ಪೆಯ ಮುಂಗಾಲಿನಲ್ಲಿ ನಾಲ್ಕೇ ಬೆರಳು, ಹಿಂಗಾಲಿನಲ್ಲಿ ಐದು. ಎಂಟು, ಏಳು, ಆರು, ಐದು, ನಾಲ್ಕು, ಕೊನೆಗೆ ಸೊನ್ನೆ. ವಿಕಾಸವೆಂದರೆ ಮೇಲಕ್ಕೇ ಹೋಗುವ ಏಣಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಾವು ತಿದ್ದಿಕೊಳ್ಳಬೇಕಾದದ್ದು

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ಹೊರಗುಳಿದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಸಹಿ ಹಾಕಿ ಆಕ್ಷೇಪಿಸಿದರು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳದ ಪಠ್ಯಪುಸ್ತಕದ ಕನ್ನಡ ರೂಪ, ಆದ್ದರಿಂದ ಅದು ನಮಗೆ ನೇರವಾಗಿ ತಟ್ಟಲಿಲ್ಲ. ಆದರೆ ಪಾಠ ಪುಸ್ತಕದಲ್ಲಿ ಇದ್ದರೆ ಸಾಕೇ? ಇರುವ ಪಾಠವನ್ನು ನಾವೇ ತಪ್ಪಾಗಿ ಕಲಿಸಿದರೆ, ಇಲ್ಲದಿರುವುದಕ್ಕೂ ಇರುವುದಕ್ಕೂ ಏನು ವ್ಯತ್ಯಾಸ? ಪೂರ್ವಜನಲ್ಲದ ಮೀನನ್ನು ಪೂರ್ವಜ ಎಂದು, ಇಚ್ಛೆಯಿಂದ ಕಾಲು ಬಂತೆಂದು ಕಲಿತ ಮಗು, ನಾಳೆ "ಮೀನಿಗೆ ಈಗ ಯಾಕೆ ಕಾಲು ಬರುತ್ತಿಲ್ಲ?" ಎಂದು ಯಾರಾದರೂ ಗೇಲಿ ಮಾಡಿದರೆ ಉತ್ತರವಿಲ್ಲದೆ ನಿಲ್ಲುತ್ತದೆ. ಆ ತಪ್ಪು ಮಗುವಿನದಲ್ಲ.

ಯಾರ್ವಿಕ್ ಅವರಂತಹ ವಿದ್ವಾಂಸರ ಐದು ಬೆರಳಿನ ಚಿತ್ರವನ್ನೇ ಜಗತ್ತು ತಿದ್ದಿಕೊಂಡಿತು. ನಮ್ಮ ಟಿಪ್ಪಣಿ ಪುಸ್ತಕ ಯಾವ ಲೆಕ್ಕ? ಪುಲ್ಪಳ್ಳಿಯಿಂದ ಮರಳಿದ ವಾರವೇ ನಾವು ನಾಲ್ವರೂ ನಮ್ಮ ನಮ್ಮ ತರಗತಿಗಳಲ್ಲಿ ಹಳೆಯ ಉತ್ತರವನ್ನು ಹೊಡೆದು ಹಾಕಿಸಿ ಹೊಸದನ್ನು ಬರೆಸಿದೆವು. ಹತ್ತನೇ ತರಗತಿ ಮುಗಿಸಿ ಹೋದ ಮಕ್ಕಳಿಗೆ ತಲುಪಲಿ ಎಂದು ಇಲ್ಲಿಯೂ ಬರೆಯುತ್ತಿದ್ದೇವೆ.

ಆ ಹುಡುಗನಿಗೆ ಏನು ಹೇಳಿದಿರಿ ಎಂದು ಕೇಳುವಿರಾ? "ಇದಕ್ಕೆ ಕಾಲು ಬರುವುದಿಲ್ಲ ಮಗಾ. ಇದಕ್ಕೆ ಅದರ ಅಗತ್ಯವೂ ಇಲ್ಲ. ಕಾಲು ಬಂದ ಮೀನು ಬೇರೆ, ಅದಕ್ಕೆ ಕಾಲು ಬಂದದ್ದು ನೀರೊಳಗೆ" ಎಂದೆವು. ಅವನು ತನ್ನ ಮೊಣಕೈ ಮುಟ್ಟಿ ಮೂಳೆ ಎಣಿಸಿ ನೋಡಿಕೊಂಡ. ಅಷ್ಟರಲ್ಲಿ ಮುಗುಡು ಬದುವಿನಾಚೆ ಇಳಿದು ಕೆಸರುನೀರಿನಲ್ಲಿ ಮರೆಯಾಗಿತ್ತು.